ಬೀಗ ತೆಗೆಸಿದ ವಂತಿಗೆ

7,500 ಡಾಲರ್. 2012ರಲ್ಲಿ ಒಂದು ಪುಸ್ತಕದ ಬಿಡುಗಡೆಗೆ ಗೊತ್ತು ಮಾಡಿದ ಮೊತ್ತ ಅದು. ಇಲ್ಲಿ ಬಿಡುಗಡೆ ಅಂದರೆ ವೇದಿಕೆಯ ಮೇಲೆ ರಿಬ್ಬನ್ ಬಿಚ್ಚಿ ಫೋಟೊ ತೆಗೆಸಿಕೊಳ್ಳುವ ಬಿಡುಗಡೆ ಅಲ್ಲ, ಜೈಲಿನಿಂದ ಆಗುವಂಥದು. ಪುಸ್ತಕದ ಹೆಸರು ‘ಓರಲ್ ಲಿಟರೇಚರ್ ಇನ್ ಆಫ್ರಿಕಾ’. ಬರೆದವರು ರೂತ್ ಫಿನೆಗನ್. ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಓದಿ, ಆಮೇಲೆ ಮಾನವಶಾಸ್ತ್ರಕ್ಕೆ ಹೊರಳಿ, 1961ರಲ್ಲಿ ಟೇಪ್ ರೆಕಾರ್ಡರ್ ಹೊತ್ತು ಸಿಯೆರಾ ಲಿಯೋನ್‌ನ ಲಿಂಬಾ ಜನರ ಹಳ್ಳಿಗಳಿಗೆ ಹೋದವರು. ಅಲ್ಲಿ ಕೂತು ಕೇಳಿದ ಕತೆಗಳಿಂದ ಹುಟ್ಟಿದ ಪ್ರಶ್ನೆಗಳನ್ನು ಇಡೀ ಖಂಡಕ್ಕೆ ಹಿಗ್ಗಿಸಿ ಬರೆದ ಪುಸ್ತಕ 1970ರಲ್ಲಿ ಬಂತು. ಬಾಯಿಂದ ಬಾಯಿಗೆ ಬಂದದ್ದೂ ಸಾಹಿತ್ಯವೇ, ಅದನ್ನು ಹೇಳುವವನಿಗೂ ಕವಿಯ ಮರ್ಯಾದೆ ಸಲ್ಲಬೇಕು ಎಂಬುದು ಅದರ ವಾದ. ನಮಗೆ ಇದು ಹೊಸದೇನಲ್ಲ; ಮಾದೇಶ್ವರನ ಕಂಸಾಳೆಯವರನ್ನು ಕೇಳಿಕೊಂಡು ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂದಿನ ಇಂಗ್ಲಿಷ್ ವಿದ್ವತ್ತಿಗೆ ಹೇಳಲೇಬೇಕಿತ್ತು.

ಪುಸ್ತಕ ಹೆಸರು ಮಾಡಿತು, ಪಠ್ಯವಾಯಿತು, ಮುಗಿದುಹೋಯಿತು. ಮರುಮುದ್ರಣ ನಿಂತಿತು. ಯಾರ ಕತೆ ಅದರಲ್ಲಿತ್ತೋ ಆ ಖಂಡದಲ್ಲೇ ಪ್ರತಿ ಸಿಗದ ಸ್ಥಿತಿ ಬಂತು. ಹಕ್ಕುಸ್ವಾಮ್ಯ ಮಾತ್ರ ಗಟ್ಟಿಯಾಗಿಯೇ ಇತ್ತು. ಮಾರಾಟಕ್ಕಿಲ್ಲ, ಹಂಚುವ ಹಾಗೂ ಇಲ್ಲ. ಲೈಬ್ರರಿಗಳಲ್ಲಿ ಬಹುಪಾಲು ಪುಸ್ತಕಗಳ ಸ್ಥಿತಿ ಇಂದಿಗೂ ಇದೇ.

ಇದರ ಬೀಗ ತೆಗೆಸಲು ಮುಂದೆ ಬಂದದ್ದು ಕೇಂಬ್ರಿಜ್‌ನ ಓಪನ್ ಬುಕ್ ಪಬ್ಲಿಷರ್ಸ್ ಎಂಬ ಪುಟ್ಟ ಪ್ರಕಾಶನ. 2008ರಲ್ಲಿ ಅಲೆಸ್ಸಾಂಡ್ರಾ ತೋಸಿ, ರೂಪರ್ಟ್ ಗಾಟಿ, ವಿಲಿಯಂ ಸೇಂಟ್ ಕ್ಲೇರ್ ಸೇರಿ ಕಟ್ಟಿದ್ದು. ಮೇಷ್ಟ್ರುಗಳೇ ನಡೆಸುವ ಸೋಷಿಯಲ್ ಎಂಟರ್‌ಪ್ರೈಸ್. ಈ ಮಾತನ್ನು ಕನ್ನಡದಲ್ಲಿ ‘ಸಾಮಾಜಿಕ ಉದ್ಯಮ’ ಅಂತ ಬರೆದರೆ ಎನ್‌ಜಿಒ ವಾಸನೆ ಹೊಡೆಯುತ್ತದೆ, ಸರಿಯಾಗಿ ತಿಳಿಯುವುದಿಲ್ಲ. ಅಂಗಡಿ ಇದೆ, ವ್ಯಾಪಾರ ಇದೆ, ಲಾಭವೂ ಬರಬಹುದು; ಬಂದ ಲಾಭ ಮಾಲೀಕರ ಜೇಬಿಗೆ ಹೋಗದೆ ಹಾಕಿಕೊಂಡ ಕೆಲಸಕ್ಕೇ ಮರಳುತ್ತದೆ. ನಂದಿನಿ ಹಾಲಿನ ಸಂಘವೂ ಅಲ್ಲ, ಧರ್ಮಛತ್ರವೂ ಅಲ್ಲ, ಎರಡರ ನಡುವಿನದು. ಬ್ರಿಟನ್ 2005ರಲ್ಲಿ ಇಂಥವುಗಳಿಗೆಂದೇ ‘ಸಮುದಾಯ ಹಿತದ ಕಂಪನಿ’ ಎಂಬ ಕಾನೂನು ರೂಪ ಕೊಟ್ಟಿತು. ಅದರಲ್ಲೊಂದು ಜಾಣ ಕಟ್ಟುಪಾಡಿದೆ: ಆಸ್ತಿಗೆ ಬೀಗ. ಕಂಪನಿ ಮುಚ್ಚಿದರೂ ಅದರ ಆಸ್ತಿಯನ್ನು ಪಾಲುದಾರರು ಹಂಚಿಕೊಳ್ಳುವಂತಿಲ್ಲ. ಅಂಥದೇ ಇನ್ನೊಂದು ಸಂಸ್ಥೆಗೆ ಹೋಗಬೇಕು. ಓಪನ್ ಬುಕ್‌ನದು ಅದೇ ರೂಪ. ಈ ಬೀಗದ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹಣ ಎತ್ತಿದ ಜಾಗ ಅನ್‌ಗ್ಲೂ.ಇಟ್. ಅಂದರೆ ‘ಅಂಟು ಬಿಡಿಸು’. ಅಮೆರಿಕದ ಎರಿಕ್ ಹೆಲ್ಮನ್ 2012ರ ಮೇ 17ರಂದು ಶುರು ಮಾಡಿದ ತಾಣ. ಲೆಕ್ಕ ಸರಳ. ಹಕ್ಕುದಾರರು, ‘ಇಷ್ಟು ಕೊಡಿ, ಇ-ಪುಸ್ತಕವನ್ನು ಜಗತ್ತಿಗೇ ಬಿಟ್ಟುಕೊಡುತ್ತೇವೆ’ ಎಂದು ಮೊತ್ತವನ್ನೂ ಗಡುವನ್ನೂ ಹೇಳುತ್ತಾರೆ. ಓದುಗರು ಮಾತು ಕೊಡುತ್ತಾರೆ, ಐದು ಡಾಲರ್, ಐವತ್ತು ಡಾಲರ್. ಗಡುವಿನೊಳಗೆ ಮೊತ್ತ ತುಂಬಿದರೆ ಮಾತ್ರ ಕಾರ್ಡಿನಿಂದ ಹಣ ಕಡಿತ. ತುಂಬದಿದ್ದರೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಶುರುವಿನಲ್ಲಿ ಪಟ್ಟಿಯಲ್ಲಿದ್ದದ್ದು ಐದು ಶೀರ್ಷಿಕೆಗಳು, ಅದರಲ್ಲಿ ಮಕ್ಕಳ ಪುಸ್ತಕವೂ ಕಾದಂಬರಿಗಳೂ ಇದ್ದವು. ಮೊದಲು ಗುರಿ ಮುಟ್ಟಿದ್ದು ಮಾತ್ರ ಆಫ್ರಿಕಾದ ಮೌಖಿಕ ಸಾಹಿತ್ಯದ ಮೇಲಿನ ಈ ದಪ್ಪ ಶಾಸ್ತ್ರಗ್ರಂಥ! ಜೂನಿನಲ್ಲಿ ಹಣ ತುಂಬಿತು. ಕೊಟ್ಟವರು ಇನ್ನೂರೈವತ್ತರ ಆಸುಪಾಸು. ತಲೆಗೆ ಮೂವತ್ತು ಡಾಲರಿನಂತೆ ಬಿತ್ತು ಅಂದುಕೊಳ್ಳಿ.

ಇದನ್ನು ಕ್ರೌಡ್‌ಫಂಡಿಂಗ್ ಅಂದಾಗ ನಮ್ಮಲ್ಲಿ ಕೆಲವರು, ಏನೋ ಅಮೆರಿಕದ ಆವಿಷ್ಕಾರ ಎಂಬಂತೆ ಕಣ್ಣರಳಿಸುತ್ತಾರೆ. ಊರಹಬ್ಬಕ್ಕೆ ಮನೆಗಿಷ್ಟು ಅಂತ ವರಾಡ ಹಾಕುವುದು, ಉತ್ತರ ಕರ್ನಾಟಕದಲ್ಲಿ ಪಟ್ಟಿ ಎತ್ತುವುದು ಮತ್ತೇನು? ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಮೊದಲು ಚಂದಾ, ಆಮೇಲೆ ಪುಸ್ತಕ ಎಂಬ ಲೆಕ್ಕದ ಮೇಲೇ ಬದುಕಿತು. ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ 27 ದಿನಗಳಲ್ಲಿ ಸುಮಾರು 50 ಲಕ್ಷ ಎತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಇವೆಲ್ಲ ಒಂದೇ ಅಲ್ಲ. ವರಾಡ ಕೊಟ್ಟವನಿಗೆ ಹಬ್ಬದೂಟ, ಗ್ರಂಥಮಾಲೆಗೆ ಕಟ್ಟಿದವನಿಗೆ ಪುಸ್ತಕ, ‘ಲೂಸಿಯಾ’ಕ್ಕೆ ಹಾಕಿದವನಿಗೆ ಗಳಿಕೆಯಲ್ಲಿ ಪಾಲಿನ ಆಸೆ. ಫಿನೆಗನ್ ಪುಸ್ತಕಕ್ಕೆ ಕೊಟ್ಟವನಿಗೆ ಸಿಕ್ಕಿದ್ದು ಕೊಡದವನಿಗೂ ಸಿಕ್ಕಿತು. ಇಬಾದಾನ್‌ನ ವಿದ್ಯಾರ್ಥಿಗೂ ಅದೇ ಫೈಲು, ಬಾಸ್ಟನ್‌ನ ದಾನಿಗೂ ಅದೇ ಫೈಲು. ತಾನು ಕೊಟ್ಟದ್ದರಿಂದ ತನಗೆ ಮಾತ್ರ ಆಗುವ ಲಾಭ ಸೊನ್ನೆ. ಊರ ಬಾಗಿಲಲ್ಲಿ ಅರವಟ್ಟಿಗೆ ಇಟ್ಟವರ ಲೆಕ್ಕಾಚಾರಕ್ಕೆ ಇದು ಹತ್ತಿರ.

ಇದರಲ್ಲಿ ಡಿಜಿಟಲ್ ಮಾನವಿಕ, ಅಂದರೆ ಕಂಪ್ಯೂಟರಿನ ನೆರವಿನಿಂದ ನಡೆಸುವ ಸಾಹಿತ್ಯ, ಇತಿಹಾಸ, ಸಂಸ್ಕೃತಿಗಳ ಅಧ್ಯಯನ, ಎಲ್ಲಿ ಬಂತು ಅಂತ ಕೇಳಬಹುದು. ಹಳೆಯ ಪುಸ್ತಕವನ್ನು ಪಿಡಿಎಫ್ ಮಾಡಿ ತೂಗುಹಾಕಿದರೆ ಅದು ಡಿಜಿಟಲ್ ಮಾನವಿಕ ಅಲ್ಲ, ಜೆರಾಕ್ಸ್ ಅಂಗಡಿಯ ಕೆಲಸ. 2012ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಆವೃತ್ತಿಯ ಜೊತೆಗೆ ಫಿನೆಗನ್ ಅರವತ್ತರ ದಶಕದಲ್ಲಿ ಧ್ವನಿಮುದ್ರಿಸಿಕೊಂಡ ಲಿಂಬಾ ಕತೆಗಳು, ಹಾಡುಗಳು, ತೆಗೆದ ಫೋಟೊಗಳು ಬಂದವು. ಇದರ ಹಿಂದೆ ಇದ್ದದ್ದು ಕೇಂಬ್ರಿಜ್‌ನಲ್ಲಿ ಮಾರ್ಕ್ ಟ್ಯುರಿನ್ ನಡೆಸುತ್ತಿದ್ದ ವರ್ಲ್ಡ್ ಓರಲ್ ಲಿಟರೇಚರ್ ಪ್ರಾಜೆಕ್ಟ್. ಟ್ಯುರಿನ್ ಸ್ವತಃ ನೇಪಾಳದ ಥಂಗ್ಮಿ ಭಾಷೆಯ ಮೇಲೆ ವರ್ಷಗಟ್ಟಲೆ ದುಡಿದವರು.

ಆ ದನಿ ಯಾಕೆ ಬೇಕು ಎಂಬುದನ್ನು ಪುಸ್ತಕದ ಒಂದು ಅಧ್ಯಾಯವೇ ತೋರಿಸುತ್ತದೆ. ಮಾತಾಡುವ ಡೋಲುಗಳ ಅಧ್ಯಾಯ ಅದು. ಕಾಂಗೋದ ಕೆಲೆ ಭಾಷೆಯಲ್ಲಿ ಪದಕ್ಕೆ ದನಿಯ ಏರಿಳಿತ ಮುಖ್ಯ. ಡೋಲು ಆ ಏರಿಳಿತವನ್ನಷ್ಟೇ ನುಡಿಸಬಲ್ಲದು, ಅಕ್ಷರವನ್ನಲ್ಲ. ‘ಚಂದ್ರ’ ಮತ್ತು ‘ಕೋಳಿ’ ಎರಡಕ್ಕೂ ಒಂದೇ ಏರಿಳಿತ. ಹಾಗಾದರೆ ಡೋಲಿನ ಮೇಲೆ ಕೋಳಿಯನ್ನು ಚಂದ್ರನಿಂದ ಬೇರೆ ಮಾಡುವುದು ಹೇಗೆ? ಒಂದೊಂದಕ್ಕೂ ಬಾಲ ಅಂಟಿಸುತ್ತಾರೆ. ಚಂದ್ರ ಬಂದರೆ ಜೊತೆಗೆ ‘ನೆಲವನ್ನು ಬಗ್ಗಿ ನೋಡುವ’ ಎಂಬ ನುಡಿಗಟ್ಟು, ಕೋಳಿ ಬಂದರೆ ‘ಕಿಯೋಕಿಯೋ ಎನ್ನುವ ಪುಟ್ಟದು’ ಎಂಬ ನುಡಿಗಟ್ಟು. ತೊಡಕಿನಿಂದ ತಪ್ಪಿಸಿಕೊಳ್ಳಲು ಹುಡುಕಿದ ಉಪಾಯವೇ ಕಾವ್ಯ ಆಗಿಬಿಟ್ಟಿತು. ಇದನ್ನು ಕಾಗದದ ಮೇಲೆ ಓದಿದರೆ ತಲೆಗೆ ಹೋಗುತ್ತದೆ. ಕೇಳಿದರೆ ಮೈಗೆ ಹೋಗುತ್ತದೆ. ಮೌಖಿಕ ಸಾಹಿತ್ಯದ ಪುಸ್ತಕಕ್ಕೆ ಕಿವಿಯನ್ನು ಮರಳಿ ಜೋಡಿಸುವುದು, ಪುಟಕ್ಕೂ ದನಿಗೂ ನಂಟು ಹಾಕುವುದು, ಹುಡುಕುವವನಿಗೆ ಸಿಗುವ ಹಾಗೆ ವಿವರ ಬರೆದಿಡುವುದು, ಡಿಜಿಟಲ್ ಮಾನವಿಕ ಎಂದರೆ ಈ ಕೆಲಸ.

ಇನ್ನೊಂದು ಮಾತು, ಸ್ವಲ್ಪ ಪಕ್ಕದ ದಾರಿ. ಆಫ್ರಿಕಾದಲ್ಲಿ ಮಹಾಕಾವ್ಯ ಇದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಕಾಣೆ ಎಂದು ಫಿನೆಗನ್ ಬರೆದಿದ್ದರು. ನೈಜೀರಿಯಾದ ಇಸಿಡೋರ್ ಒಕ್‌ಪೆವೋ 1979ರಲ್ಲಿ ಆ ಮಾತಿಗೆ ಎದುರಾಗಿ ಒಂದು ಪುಸ್ತಕವನ್ನೇ ಬರೆದರು. ಈ ಜಗಳ ನನಗೆ ಇಷ್ಟ. ಯಾಕೆಂದರೆ ನಮ್ಮ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ತಂಡದ ಮುಂದೆ ತುಳುವಿನ ಸಿರಿ ಕಾವ್ಯವನ್ನು ಹಾಡಿದಾಗ ಅದು 15,683 ಸಾಲು ಆಯಿತು. ಕೇಳುವ ತಾಳ್ಮೆ ಇದ್ದವರಿಗೆ ಮಹಾಕಾವ್ಯ ಸಿಗುತ್ತದೆ. ಫಿನೆಗನ್‌ರ ತಪ್ಪನ್ನು ತಿದ್ದಬೇಕಾದವರು ಆಫ್ರಿಕಾದ ಓದುಗರು. ಅವರ ಕೈಗೇ ಪುಸ್ತಕ ಸಿಗದಿದ್ದರೆ ತಿದ್ದುವುದು ಯಾರು?

ಈಗ ಕತೆಯ ಒರಟು ಭಾಗ. ಅನ್‌ಗ್ಲೂ.ಇಟ್ ಕಾರ್ಡಿನ ಹಣವನ್ನು ಅಮೆಜಾನ್ ಪೇಮೆಂಟ್ಸ್ ಮೂಲಕ ಪಡೆಯುತ್ತಿತ್ತು. ಅದೇ 2012ರ ಆಗಸ್ಟಿನಲ್ಲಿ, ಮೊದಲ ಗೆಲುವಿನ ಸಂಭ್ರಮ ಆರುವ ಮೊದಲೇ, ಈ ಬಗೆಯ ವಂತಿಗೆಯ ವ್ಯವಹಾರವನ್ನು ಇನ್ನು ನಡೆಸಿಕೊಡುವುದಿಲ್ಲ ಎಂದು ಅಮೆಜಾನ್ ಹೇಳಿಬಿಟ್ಟಿತು. ನಡೆಯುತ್ತಿದ್ದ ಅಭಿಯಾನಗಳೆಲ್ಲ ನಿಂತವು. ಜನ ಕೊಟ್ಟ ಮಾತು ಹಾಗೇ ಗಾಳಿಗೆ ಹೋಯಿತು. ಬೇರೆ ಪಾವತಿ ದಾರಿ ಹುಡುಕಿ ಮತ್ತೆ ನಿಲ್ಲುವ ಹೊತ್ತಿಗೆ ಆ ವರ್ಷದ ಉತ್ಸಾಹ ಉಳಿದಿರಲಿಲ್ಲ. ತಾಣ ಮುಂದೆ ಮುಕ್ತ ಪುಸ್ತಕಗಳ ಪಟ್ಟಿ ಇಡುವ, ಹಂಚುವ ಕೆಲಸದ ಕಡೆಗೆ ಹೆಚ್ಚು ವಾಲಿತು.

ಆದರೆ ಫಿನೆಗನ್ ಪುಸ್ತಕಕ್ಕೆ ಏನೂ ಆಗಲಿಲ್ಲ. ಇದೇ ನನಗೆ ಇಡೀ ಪ್ರಸಂಗದಲ್ಲಿ ಮುಖ್ಯವಾಗಿ ಕಾಣುವುದು. ಆ ಇನ್ನೂರೈವತ್ತು ಜನ ಕೊಂಡದ್ದು ಪುಸ್ತಕವನ್ನಲ್ಲ, ಒಂದು ಲೈಸೆನ್ಸನ್ನು. ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ನಕಲು ಮಾಡಿ, ಹಂಚಿ, ಅನುವಾದಿಸಿ ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಅದನ್ನು ಒಮ್ಮೆ ಕೊಟ್ಟರೆ ಹಿಂತೆಗೆದುಕೊಳ್ಳುವಂತಿಲ್ಲ. ಅನ್‌ಗ್ಲೂ ಮುಚ್ಚಲಿ, ಓಪನ್ ಬುಕ್ ನಾಳೆ ಇಲ್ಲವಾಗಲಿ, ಇಳಿಸಿಕೊಂಡವನ ಬಳಿ ಇರುವ ಪ್ರತಿ ಕಾನೂನಿನ ಪ್ರಕಾರವೇ ಮತ್ತೆ ಮೊಳಕೆ ಒಡೆಯಬಲ್ಲದು.

ಇದೇ ಮಾತನ್ನು ಪಕ್ಕದ ಇನ್ನೊಂದು ಪ್ರಯೋಗದ ಮೇಲೆ ಒರೆಹಚ್ಚಿ ನೋಡಿ. ಪ್ರಕಾಶಕಿ ಫ್ರಾನ್ಸಿಸ್ ಪಿಂಟರ್ ಬ್ರಿಟನ್ನಿನಲ್ಲಿ ನಾಲೆಜ್ ಅನ್‌ಲ್ಯಾಚ್ಡ್ ಎಂಬ ಸಂಸ್ಥೆ ಕಟ್ಟಿದರು. ಅದೂ ಸಮುದಾಯ ಹಿತದ ಕಂಪನಿಯೇ. ಇಲ್ಲಿ ವಂತಿಗೆ ಹಾಕಿದವರು ಓದುಗರಲ್ಲ, ಲೈಬ್ರರಿಗಳು. ಮೊದಲ ಪ್ರಯೋಗಕ್ಕೆ 13 ಪ್ರಕಾಶಕರ 28 ಪುಸ್ತಕ. ಎಲ್ಲವೂ ಮಾನವಿಕ, ಸಮಾಜವಿಜ್ಞಾನದವು. 200 ಲೈಬ್ರರಿಗಳು ಸೇರಿದರೆ ತಲಾ ಪುಸ್ತಕಕ್ಕೆ 60 ಡಾಲರ್ ಬೀಳುತ್ತದೆ ಎಂಬ ಅಂದಾಜು. 24 ದೇಶಗಳಿಂದ 297 ಸೇರಿದವು, ಪಾಲು 43 ಡಾಲರಿನ ಆಸುಪಾಸಿಗೆ ಇಳಿಯಿತು. ಬಂದವರು ಹೆಚ್ಚಾದಷ್ಟೂ ಎಲ್ಲರ ಪಾಲು ಇಳಿಯುವ ಪಂಗಡ ಭೋಜನ ಅದು. 2014ರಲ್ಲಿ ಪುಸ್ತಕಗಳು ಮುಕ್ತವಾದವು, ಜಗತ್ತು ಚಪ್ಪಾಳೆ ತಟ್ಟಿತು.

ಆಮೇಲೆ? 2016ರಲ್ಲಿ ಚಟುವಟಿಕೆ ಬರ್ಲಿನ್ನಿನ ಒಂದು ಸಾಮಾನ್ಯ ಲಿಮಿಟೆಡ್ ಕಂಪನಿಗೆ ಸಾಗಿತು. 2021ರ ಡಿಸೆಂಬರಿನಲ್ಲಿ ಆ ಕಂಪನಿಯನ್ನು ವೈಲಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಯಾವ ದೊಡ್ಡ ಪ್ರಕಾಶಕರ ಬೆಲೆ ತಾಳಲಾರದೆ ಲೈಬ್ರರಿಗಳು ಪಂಗಡ ಕಟ್ಟಿದವೋ ಅಂಥದೇ ಒಬ್ಬ ಪ್ರಕಾಶಕನ ಮನೆಗೆ ಪಂಗಡದ ಪಾತ್ರೆ ಹೋಯಿತು. ಆಸ್ತಿಗೆ ಬೀಗ ಅಂದೆನಲ್ಲ, ಅದು ಕಟ್ಟಡಕ್ಕೆ, ಬ್ಯಾಂಕ್ ಖಾತೆಗೆ. ನಂಬಿಕೆ, ಹೆಸರು, ಮುನ್ನೂರು ಲೈಬ್ರರಿಯನ್ನರ ಫೋನ್ ನಂಬರು, ಅವರ ಜೊತೆಗಿನ ಸಲಿಗೆ, ಇವು ಯಾವ ಬೀಗಕ್ಕೂ ಸಿಗುವುದಿಲ್ಲ. ಹಾಗಿದ್ದೂ ಮುಕ್ತವಾದ ಆ 28 ಪುಸ್ತಕ ಇಂದೂ ಮುಕ್ತ. ಲೈಸೆನ್ಸ್ ಗಟ್ಟಿ, ಸಂಸ್ಥೆ ಸಡಿಲ. ವಂತಿಗೆ ಕೊಡುವವರು ಸಾಮಾನ್ಯವಾಗಿ ಉಲ್ಟಾ ತಿಳಿದಿರುತ್ತಾರೆ. ಸಂಸ್ಥೆಯ ಮುಖ ನೋಡಿ ಕೊಡುತ್ತಾರೆ, ಲೈಸೆನ್ಸನ್ನು ಓದುವುದಿಲ್ಲ.

ಜನ ಯಾವುದಕ್ಕೆ ಕೊಡುತ್ತಾರೆ ಎಂಬುದಕ್ಕೂ ಒಂದು ಮಾತು ಹೇಳಬೇಕು. 2015ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟ ಉಡುಪನ್ನು ಕಾಪಾಡಲು, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಲು ಕಿಕ್‌ಸ್ಟಾರ್ಟರ್‌ನಲ್ಲಿ 5 ಲಕ್ಷ ಡಾಲರ್ ಕೇಳಿತು. 9,477 ಮಂದಿ ಸೇರಿ 7,19,779 ಡಾಲರ್ ಸುರಿದರು. ಲಿಂಬಾ ಕತೆಗಾರನಿಗೆ 7,500. ಹೋಲಿಕೆ ಅನ್ಯಾಯದ್ದು, ಒಪ್ಪಿದೆ. ಸ್ಮಿತ್ಸೋನಿಯನ್ ಸರ್ಕಾರದ ಬೆಂಬಲ ಇರುವ ದೈತ್ಯ. ಆದರೂ ಜನರ ಮನಸ್ಸಿನ ಒಲವು ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ವಸ್ತು, ಗೊತ್ತಿರುವ ಹೆಸರು, ಎದೆಯುಬ್ಬಿಸುವ ಕ್ಷಣ ಇದ್ದರೆ ಜೇಬು ಬಿಚ್ಚುತ್ತದೆ. ಬ್ರಿಟನ್ನಿನ ಡಿಗ್‌ವೆಂಚರ್ಸ್ ಎಂಬ ಪುರಾತತ್ವದ ಸಾಮಾಜಿಕ ಉದ್ಯಮಕ್ಕೆ ಇದು ಚೆನ್ನಾಗಿ ಗೊತ್ತು. ಅವರು ವಂತಿಗೆ ಕೊಟ್ಟವರ ಕೈಗೆ ಕರಣೆಯನ್ನೇ ಕೊಟ್ಟುಬಿಡುತ್ತಾರೆ: ಬನ್ನಿ, ಅಗೆಯಿರಿ. 2012ರಲ್ಲಿ ಪೀಟರ್‌ಬರೋ ಬಳಿಯ ಫ್ಲ್ಯಾಗ್ ಫೆನ್‌ನ ಕಂಚಿನ ಯುಗದ ಮರದ ದಾರಿಯಿಂದ ಶುರು. ಅಗೆದದ್ದನ್ನು ಗುಂಡಿಯಿಂದಲೇ ಟ್ಯಾಬ್ಲೆಟ್ಟಿನಲ್ಲಿ ದಾಖಲಿಸಿ, ಮೂರು ಆಯಾಮದ ಮಾದರಿ ಮಾಡಿ ಅಂತರಜಾಲಕ್ಕೆ ಏರಿಸುತ್ತಾರೆ. ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ವೈಕಿಂಗರ ಕಾಲದ, ನೀಲಿಗೆ ಬಿಳಿ ಸುರುಳಿ ಸುತ್ತಿದ, ಗೋಲಿಯಷ್ಟು ದೊಡ್ಡ ಗಾಜಿನ ಆಟದ ಕಾಯಿಯೊಂದು ಸಿಕ್ಕಿತು. ಕಂಡವರು ಪುರಾತತ್ವಜ್ಞರಲ್ಲ, ತಂಡದವರೊಬ್ಬರ ತಾಯಿ, ಒಂದು ದಿನಕ್ಕೆಂದು ನೋಡಲು ಬಂದವರು. ಅಗೆಯುವುದರಲ್ಲಿ ಇರುವ ಈ ಸುಖವನ್ನು ಲೈಸೆನ್ಸಿನಲ್ಲಿ, ಕ್ಯಾಟಲಾಗಿನಲ್ಲಿ ಎಲ್ಲಿಂದ ತರುವುದು?

ನಮ್ಮ ಕಡೆ ಬಂದರೆ, ಸಾಮಾಜಿಕ ಉದ್ಯಮಕ್ಕೆ ಎಂದೇ ಬೇರೆ ಕಾನೂನು ರೂಪ ಇಲ್ಲ. ಟ್ರಸ್ಟು, ಸೊಸೈಟಿ, ಇಲ್ಲವೇ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರೊಬ್ಬರು ಹಳೆಯ ಪತ್ರಿಕೆಗಳ ಡಿಜಿಟಲೀಕರಣಕ್ಕೆ ಐವತ್ತು ಡಾಲರ್ ಕಳಿಸಬೇಕೆಂದರೆ ಅದು ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ನೋಂದಣಿಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇಬ್ಬರು ಗೆಳೆಯರು ಸೇರಿ ಶನಿವಾರ ಭಾನುವಾರ ಸ್ಕ್ಯಾನ್ ಮಾಡುವ ತಂಡಕ್ಕೆ ಇದು ದೂರದ ಬೆಟ್ಟ. ಸೆಬಿ ಸಾಮಾಜಿಕ ಷೇರುಪೇಟೆ ಎಂಬುದನ್ನೂ ತೆರೆದಿದೆ. ಅಲ್ಲಿ ಸಿಗುವುದು ಅಸಲೂ ಮರಳದ, ಬಡ್ಡಿಯೂ ಬಾರದ ಬಾಂಡು! ಕೇಳಿದರೆ ನಗು ಬರುತ್ತದೆ, ಆದರೆ ದಾನಕ್ಕೆ ಲೆಕ್ಕಪತ್ರದ ಶಿಸ್ತು ಹಾಕುವ ಯೋಚನೆ ಅದು. 2023ರ ಡಿಸೆಂಬರಿನಲ್ಲಿ ಮೊದಲು ಅಲ್ಲಿ ಹೆಸರು ಬರೆಸಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಅದರ ಕೆಲಸ ಯುವಕರ ಕೌಶಲ ತರಬೇತಿ. ಹಳಗನ್ನಡದ ಡಿಜಿಟಲ್ ನಿಘಂಟೊಂದು ಹಾಗೆ ಪಟ್ಟಿಯಾದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.

ನಾನೂ ಒಮ್ಮೆ ಇಂಥದೊಂದಕ್ಕೆ ಸಾವಿರ ರೂಪಾಯಿ ಹಾಕಿದ್ದೆ. ಯಾರದೆಂದು ಹೇಳುವುದಿಲ್ಲ, ಒಳ್ಳೆಯ ಮನಸ್ಸಿನ ಹುಡುಗರು. ಹಳೆಯ ವಾರಪತ್ರಿಕೆಯ ಸಂಚಿಕೆಗಳನ್ನು ಅಂತರಜಾಲಕ್ಕೆ ಏರಿಸುವ ಯೋಜನೆ. ಗುರಿ ಮುಟ್ಟಿತು, ಹೂಗುಚ್ಛದ ಚಿತ್ರ ಹಾಕಿದ ಇಮೇಲ್ ಬಂತು, ತಾಣವೂ ತೆರೆಯಿತು. ಮೂರನೆಯ ವರ್ಷ ಡೊಮೇನ್ ನವೀಕರಿಸಲು ಯಾರಿಗೂ ನೆನಪಾಗಲಿಲ್ಲ. ಈಗ ಆ ವಿಳಾಸ ಒತ್ತಿದರೆ ಯಾವುದೋ ರಮ್ಮಿ ಆಟದ ಜಾಹೀರಾತು. ಫೈಲುಗಳಿಗೆ ಏನು ಲೈಸೆನ್ಸು ಅಂತ ಅಂದು ಅವರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಯಾರಾದರೂ ಇಳಿಸಿಕೊಂಡಿದ್ದರೂ ಧೈರ್ಯವಾಗಿ ಮತ್ತೊಂದು ಕಡೆ ಹಾಕುವ ಹಾಗಿಲ್ಲ.

ಲೈಸೆನ್ಸಿಗೆ ಯಾವಾಗಲೂ ಹಣವೇ ಬೇಕು ಅಂತಲೂ ಇಲ್ಲ. 2014ರಲ್ಲಿ ಕಾದಂಬರಿಕಾರ ನಿರಂಜನರ 55 ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟರು. ನಿರಂಜನರು ತೀರಿದ್ದು 1992ರಲ್ಲಿ. ಲೇಖಕರು ಹೋಗಿ 60 ವರ್ಷ ತುಂಬುವ ತನಕ ಹಕ್ಕು ಉಳಿಯುವ ನಮ್ಮ ಕಾನೂನಿನಲ್ಲಿ ಅವು 2053ರ ತನಕ ಕಾಯಬೇಕಿತ್ತು. ಸುಮಾರು ನಲವತ್ತು ವರ್ಷದ ಬೀಗ ಒಂದು ಸಹಿಯಿಂದ ತೆಗೆಯಿತು. ಫಿನೆಗನ್ ಪುಸ್ತಕಕ್ಕೆ ಬಂದ ಹಣ ಮಾಡಿಸಿದ್ದೂ ಕೊನೆಗೆ ಇದನ್ನೇ, ಒಂದು ಸಹಿ.

ಸಹಿಯ ನಂತರದ ಕೆಲಸಕ್ಕೆ ವಂತಿಗೆ ಕೇಳುವುದು ಕಷ್ಟ. ಬೆಂಗಳೂರಿನಲ್ಲಿ ಇಂಟರ್‌ನೆಟ್ ಆರ್ಕೈವ್‌ಗಾಗಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗ ಬಳಸುವಂಥ ಸ್ಕ್ಯಾನರನ್ನು ನೋಡಿದವರಿಗೆ ಇದು ಗೊತ್ತು. ಪುಸ್ತಕವನ್ನು ಪೂರ್ತಿ ಬಿಡಿಸಿ ಬೆನ್ನು ಮುರಿಯದೆ, ವಿ ಆಕಾರದ ತೊಟ್ಟಿಲಲ್ಲಿ ಅರ್ಧ ತೆರೆದು ಮಲಗಿಸುತ್ತಾರೆ. ಕಾಲಲ್ಲಿ ಪೆಡಲ್ ಒತ್ತಿದರೆ ಗಾಜು ಮೇಲೇಳುತ್ತದೆ, ಕೈಯಲ್ಲಿ ಹಾಳೆ ತಿರುವಬೇಕು, ಪೆಡಲ್ ಬಿಟ್ಟರೆ ಗಾಜು ಇಳಿದು ಪುಟವನ್ನು ಒತ್ತಿ ಹಿಡಿಯುತ್ತದೆ, ಎರಡು ಬದಿಯ ಕ್ಯಾಮೆರಾ ಎರಡು ಪುಟ ಹಿಡಿಯುತ್ತವೆ. ಹಾಳೆ ತಿರುವುವುದು ಮಾತ್ರ ಮನುಷ್ಯನ ಬೆರಳೇ. ನಮ್ಮ ಹಳೆಯ ಕಾಗದ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ.

ಆಮೇಲೆ ಆ ಚಿತ್ರವನ್ನು ಅಕ್ಷರ ಮಾಡುವ ತಂತ್ರಾಂಶ. ಹಳೆಯ ಮೊಳೆಯಚ್ಚಿನಲ್ಲಿ ‘ಮ’ ಮತ್ತು ‘ವು’ ಅಣ್ಣತಮ್ಮಂದಿರ ಹಾಗೆ; ಮಸಿ ಸ್ವಲ್ಪ ಹರಡಿದರೆ ಹೆತ್ತ ತಾಯಿಗೂ ಗುರುತು ಸಿಗದು. ಒತ್ತಕ್ಷರ ಕೆಳಗಿನ ಸಾಲಿಗೆ ಜಾರಿ ಕೂತಿರುತ್ತದೆ. ‘ಮನೆ’ ಎಂದು ಅಚ್ಚಾದದ್ದು ಪರದೆಯ ಮೇಲೆ ‘ವುನೆ’ ಆಗುತ್ತದೆ, ‘ಮರ’ವು ‘ವುರ’. ಹುಡುಕುವವನು ‘ಮನೆ’ ಅಂತ ಟೈಪಿಸಿದರೆ ಆ ಪುಟ ಸಿಗುವುದೇ ಇಲ್ಲ. ಅಂತರಜಾಲದಲ್ಲಿ ಇದೆ, ಮುಕ್ತವಾಗಿಯೂ ಇದೆ, ಆದರೆ ಕಾಣೆ. ಕನ್ನಡ ವಿಕಿಸೋರ್ಸ್ ಒಳಹೊಕ್ಕು ಯಾವುದಾದರೊಂದು ಪುಟ ತೆರೆದು ನೋಡಿ. ಎಡಕ್ಕೆ ತಂತ್ರಾಂಶ ಓದಿದ್ದು, ಬಲಕ್ಕೆ ಹಳದಿ ತಿರುಗಿದ ಮೂಲದ ಚಿತ್ರ. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಇನ್ನೊಬ್ಬರು ಮತ್ತೊಮ್ಮೆ ನೋಡಿ ಸರಿಯೆಂದದ್ದಕ್ಕೆ ಹಸಿರು. ಯಾರೋ ಶಿಕ್ಷಕರು, ಯಾರೋ ಕಾಲೇಜು ಹುಡುಗಿ, ಊಟ ಮುಗಿಸಿ ಕೂತು ‘ವುನೆ’ಯನ್ನು ಅಳಿಸಿ ‘ಮನೆ’ ಬರೆಯುತ್ತಾರೆ, ಉಳಿಸು ಒತ್ತುತ್ತಾರೆ, ಕೆಂಪು ಹಳದಿಯಾಗುತ್ತದೆ, ಮುಂದಿನ ಪುಟಕ್ಕೆ ಹೋಗುತ್ತಾರೆ.